ಸುಬ್ಬಕ್ಕನ ಹೆಬ್ಬೆಟ್ಟು

ನೊಣ ಮತ್ತೆ ಅದೇ ಅಡಿಕೆಯ ಮೇಲೆ ಕೂತಿತು, ಓಡಿಸಿದರೆ ಒಂದು ಸುತ್ತು ಹಾರಿ ಮತ್ತೆ ಅಲ್ಲೇ, ಇಷ್ಟು ದೊಡ್ಡ ಗುಡ್ಡೆಯಲ್ಲಿ ಅದಕ್ಕೆ ಅದೊಂದೇ ಕಂಡಿದೆ — ಇದು ಚಾಲಿ, ಇದೂ ಚಾಲಿ, ಇದು ಬಿಳೆಗೋಟು, ಚಾಲಿಗಿಂತ ಒಂದು ದರ್ಜೆ ಕೆಳಗೆ, ಇದರ ಹೊಟ್ಟೆ ಒಡೆದಿದೆ, ಕೋಕಾ, ನೀನು ಎಡಗಡೆ ಬುಟ್ಟಿಗೆ ಹೋಗು — ಕೈ ತನ್ನಷ್ಟಕ್ಕೆ ಆರಿಸುತ್ತಿದೆ, ಹದಿನೇಳು ವರ್ಷದ ಅಭ್ಯಾಸ, ಅದಕ್ಕೆ ಕಣ್ಣು ಬೇಕಿಲ್ಲ, ಹಾಗಾಗಿ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗುತ್ತದೆ, ಒಂದೂ ಇಪ್ಪತ್ತು, ಅಂದರೆ ಒಂದೂವರೆ, ಈ ವಖಾರಿಯ ಗಡಿಯಾರ ಬೆಳಿಗ್ಗೆ ನಾವು ಬರುವಾಗ ಸರಿಯಾಗಿರುತ್ತದೆ, ಮಧ್ಯಾಹ್ನ ದಾಟಿದ ಮೇಲೆ ಹತ್ತು ನಿಮಿಷ ಹಿಂದೆ ಬೀಳುತ್ತದೆ, ಸಂಜೆ ಐದಕ್ಕೆ ಐದಾಗುವುದೇ ಇಲ್ಲ, ಸಾವ್ಕಾರರ ಗಡಿಯಾರವಲ್ಲವೇ, ಅದಕ್ಕೂ ಉಪ್ಪಿನ ಋಣ ಇರುತ್ತದೆ. ನಾಮಪತ್ರ ವಾಪಸ್ ತೆಗೆಯುವ ಹೊತ್ತು ಇವತ್ತು ಮೂರಕ್ಕೆ ಮುಗಿಯುತ್ತದೆ. ಮೂರು ಗಂಟೆಯವರೆಗೆ ನಾನು ಇಲ್ಲಿಂದ ಏಳದಿದ್ದರೆ ನಾಮಪತ್ರ ಹಾಗೇ ಉಳಿಯುತ್ತದೆ, ನಗರಸಭೆ ಚುನಾವಣೆಗೆ ನಮ್ಮ ವಾರ್ಡಿನಿಂದ ಅಡಿಕೆ ಆರಿಸುವ ಪ್ರತಿಭಾ ನಿಂತ ಹಾಗಾಗುತ್ತದೆ, ನಮ್ಮ ಕೆಲಸಗಾರರ ಸಂಘದ ಹೆಸರಲ್ಲಿ, ಯಾರ ಬಾಲವೂ ಆಗದೆ. ಎದ್ದು ಹೋಗಿ ಕಾಗದ ಕೊಟ್ಟರೆ ಮುಗಿಯಿತು, ವಖಾರಿ ಮಾಲೀಕ ಸುಭಾಷನ ಹೆಂಡತಿ ಗೆದ್ದ ಹಾಗೇ — ಅವಳ ಹೆಸರು ಯಾರಿಗೂ ನೆನಪಿಲ್ಲ, ಮಹಿಳಾ ಮೀಸಲು ವಾರ್ಡು ಅಂತ ಅವಳನ್ನು ನಿಲ್ಲಿಸಿದ್ದಾರೆ, ಬ್ಯಾನರಿನಲ್ಲಿ ಸುಭಾಷನ ಮುಖ ಹರಿವಾಣದಷ್ಟು, ಅವಳದ್ದು ಲೋಟದಷ್ಟು. ಸೆಕೆ, ಬೆನ್ನಿಗೆ ರವಿಕೆ ಅಂಟಿದೆ. ಎರಡು ಗುಡ್ಡೆ ಆಚೆ ಸುಬ್ಬಕ್ಕ ಕೂತಿದ್ದಾಳೆ, ಬೆಳಿಗ್ಗೆಯಿಂದ ನನ್ನ ಕಡೆ ಒಂದು ಸಲವೂ ತಿರುಗಿಲ್ಲ, ತಿರುಗದಿದ್ದರೆ ಬೇಡ, ನನಗೂ ಕುತ್ತಿಗೆ ಇದೆ, ನಾನೂ ತಿರುಗುವುದಿಲ್ಲ. ಚಾಲಿ, ಚಾಲಿ, ಕೋಕಾ. ಏಳುವುದೋ ಬೇಡವೋ, ನಿನ್ನೆ ಸಂಜೆಯಿಂದ ಇದೊಂದೇ, ಅನ್ನ ಬೇಯುವಾಗಲೂ ಇದೇ, ನಲ್ಲಿಯ ಸಾಲಿನಲ್ಲೂ ಇದೇ, ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ದರಿಗೆ ಹಾರಲೂ ಒಂದು ಧೈರ್ಯ ಬೇಕು.

ನಿನ್ನೆ ಆ ಅಡಿಕೆ ಹಿಡಿಯದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ, ಕೈ, ಈ ದರಿದ್ರ ಕೈ. ಆರು ಗಂಟೆ ಹತ್ತಿರವಾಗಿತ್ತು, ನಾನು ಬಂದು ಮುಖ ತೊಳೆಯುತ್ತಿದ್ದೆ, ಅಂಗಳದಲ್ಲಿ ಕಾರು ನಿಂತ ಸದ್ದು, ನಮ್ಮ ಕೇರಿಗೆ ಕಾರು ಬರುವುದು ಒಂದೋ ಹೆರಿಗೆಗೆ ಒಂದೋ ಓಟಿಗೆ, ನೋಡಿದರೆ ಸುಭಾಷ, ಬಿಳಿ ಅಂಗಿ, ಮತ್ತು ಅವನ ಹಿಂದೆ, ಅಯ್ಯೋ, ಅವನ ಹಿಂದೆ ರಘುಪತಿ ಮಾಸ್ತರರು, ಹೆಗಲಿಗೆ ಅದೇ ಹಳೇ ಖಾದಿ ಚೀಲ, ಚಪ್ಪಲಿ ಅಂಗಳದ ಆಚೆಯೇ ಬಿಟ್ಟು ಬಂದರು, ಯಾವಾಗ ಬಂದರೂ ಹಾಗೇ, ನಮ್ಮ ಮನೆಯ ಜಗಲಿಗೂ ಒಂದು ಮರ್ಯಾದೆ ಕೊಡುವವರು ಅವರೊಬ್ಬರೇ. ಚಾಪೆ ಹಾಸಿದೆ, ನೀರು ಬೆಲ್ಲ ಕೊಟ್ಟೆ, ಎಲೆ ಅಡಿಕೆ ಕವಳದ ತಬಕು ಮುಂದಿಟ್ಟೆ, ಮನೆಗೆ ಬಂದವರು ಶತ್ರುವಾದರೂ ಕವಳ ಹಾಕದೆ ಕಳಿಸುವುದುಂಟೇ. ಮಾತು ಮಾಸ್ತರರದ್ದೇ, ನೋಡು ಪ್ರತಿಭಾ, ತತ್ವ ಬೇರೆ, ತಂತ್ರ ಬೇರೆ, ನೀನು ನಿಂತ್ರೆ ನಮ್ಮ ಓಟು ಒಡೀತದೆ, ಎದುರಿನವರು ಬರ್ತಾರೆ, ಅವರು ಬಂದ್ರೆ ಸಂಘದ ಬೋರ್ಡನ್ನೇ ಕಿತ್ತು ಒಗೀತಾರೆ, ಇವರಾದ್ರೆ ಕರೆದು ಮಾತಾದ್ರೂ ಆಡ್ತಾರೆ. ಸುಭಾಷ ನಡುವೆ, ಮಾರ್ಕೆಟ್ ಯಾರ್ಡಿನಲ್ಲಿ ಹೆಂಗಸರಿಗೆ ಎರಡು ಶೌಚಾಲಯ, ಕೂತು ಊಟ ಮಾಡಲಿಕ್ಕೆ ಒಂದು ಶೆಡ್ಡು, ಇದು ನನ್ನ ಮಾತು ತಂಗಿ, ಮಾಸ್ತರೇ ಸಾಕ್ಷಿ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ, ಸಂಘದವರ ಹತ್ರ ಕೇಳದೆ ನಾ ಹೆಂಗೆ ಹೇಳಲಿ ಅಂದೆ, ಅಷ್ಟೇ ಅಂದದ್ದು, ದೇವರಾಣೆ ಅಷ್ಟೇ. ಆಗ ಅವನು ಎದ್ದ, ನಾನೂ ಎದ್ದೆ, ಅವನು ಕಿಸೆಯಿಂದ ಎರಡು ಎಲೆ ತೆಗೆದ, ಮೇಲೆ ಒಂದು ಇಡೀ ಅಡಿಕೆ, ಹಂಗಾದ್ರೆ ಆತಲ್ಲ ತಂಗಿ ಅಂತ ಕೈ ಚಾಚಿದ, ನನ್ನ ಕೈ ಹೋಯಿತು. ನಾನು ಕಳಿಸಲಿಲ್ಲ, ಅದೇ ಹೋಯಿತು. ಕೈಯೆದುರು ಅಡಿಕೆ ಬಂದರೆ ನನ್ನ ಬೆರಳು ಕೇಳುವುದಿಲ್ಲ, ತಿರುಗಿಸಿ ನೋಡಬೇಕು, ತೂತಿದೆಯೋ, ಒಡಕಿದೆಯೋ, ನೋಡಿದೆ, ತೂತಿಲ್ಲ, ಒಡಕಿಲ್ಲ, ಹಳೇ ಚಾಲಿ, ಒಳ್ಳೇ ಮಾಲು, ಅಂತ ಮನಸ್ಸಿನಲ್ಲೇ ದರ್ಜೆ ಹಾಕಿ ತಲೆ ಎತ್ತುವಾಗ ಅವನು ಕೈ ಮುಗಿದು ಮೆಟ್ಟಿಲಿಳಿಯುತ್ತಿದ್ದ, ಎಲೆ ಅಡಿಕೆ ನನ್ನ ಅಂಗೈಯಲ್ಲಿ, ಮತ್ತು ಬೇಲಿಯ ದಣಪೆಯ ಹತ್ತಿರ ಸುಬ್ಬಕ್ಕ, ಸೆರಗಿನಲ್ಲಿ ನುಗ್ಗೆಕಾಯಿ ಕಟ್ಟಿಕೊಂಡು ಬಂದವಳು, ನಿಂತು ನೋಡುತ್ತಿದ್ದಳು.

ಏನು ನೋಡಿದಳೋ ಅದನ್ನೇ ನೋಡಿದಳು, ಬೇರೆ ಏನು ನೋಡಬೇಕಿತ್ತು ಪಾಪ. ನಮ್ಮಲ್ಲಿ ಹೆಣ್ಣು ಗೊತ್ತು ಮಾಡುವುದಕ್ಕೆ ವೀಳ್ಯ, ಗದ್ದೆ ಗೇಣಿಗೆ ಕೊಡುವುದಕ್ಕೆ ವೀಳ್ಯ, ಅಣ್ಣ ತಮ್ಮ ಪಾಲಾದರೆ ಪಂಚರ ಮುಂದೆ ವೀಳ್ಯ, ಎಲೆ ಹಿಡಿದವನು ಮಾತು ಹಿಡಿದ ಹಾಗೆ, ಆಮೇಲೆ ಕಾಗದ ಇಲ್ಲ ಪತ್ರ ಇಲ್ಲ. ತವರು ಹೆಗ್ಗರಣೆಯಲ್ಲಿ ನನ್ನ ಅಮ್ಮ ಹೇಳುತ್ತಿದ್ದಳು, ಎಲೆ ಚಾಚಿದ ಕೈಗೆ ಬೇಡ ಅನ್ನಬಾರದು, ಬೇಡದಿದ್ದರೆ ಮೊದಲೇ ಕೈ ಕಟ್ಟಿಕೊಂಡು ನಿಲ್ಲಬೇಕು, ನಾನು ನಿಲ್ಲಲಿಲ್ಲ, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ನಿಂತಿದ್ದೆ. ಬಾ ಸುಬ್ಬಕ್ಕ ಅಂತ ಕರೆದೆ, ಬತ್ತೆ ಕಾಣು ಅಂದಳು, ನುಗ್ಗೆಕಾಯಿ ದಣಪೆಯ ಮೇಲಿಟ್ಟು ಹೋದಳು. ಏಳು ಗಂಟೆಯೊಳಗೆ ಕೇರಿಗೆಲ್ಲ ಆಯಿತು, ಪ್ರತಿಭಾ ಈಳ್ಯ ತಗಂಡ್ಲಂತೆ, ನಲ್ಲಿಯ ಹತ್ತಿರ ಕೊಡಗಳೂ ಅದನ್ನೇ ಹೇಳಿದವು. ಕಿರವತ್ತಿಗೆ ಫೋನು ಮಾಡಿದೆ, ನಮ್ಮವರು ಅಲ್ಲಿ ಡಾಬಾದಲ್ಲಿ ರೊಟ್ಟಿ ತಟ್ಟುತ್ತಾರೆ, ಹದಿನೈದು ದಿನಕ್ಕೊಮ್ಮೆ ಬರುತ್ತಾರೆ, ಹಿಂದೆ ಲಾರಿಗಳ ಹಾರನ್ನು, ಅವರು ಅಂದರು, ಕೊಟ್ಟರೆ ತಗಂಡೆ, ಅದರಲ್ಲಿ ಎಂತ, ಹಾಕ್ಕಂಡು ಉಗುಳು. ಗಂಡಸರಿಗೆ ಎಷ್ಟು ಸುಲಭ. ಆ ಅಡಿಕೆ ನಾನು ತಿನ್ನಲಿಲ್ಲ, ದೇವರ ಗೂಡಿನಲ್ಲೂ ಇಡಲಿಲ್ಲ, ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಇದೆ, ಬೆಳಿಗ್ಗೆ ಅಕ್ಕಿ ತೆಗೆಯುವಾಗ ಉರುಳಿತು, ಮತ್ತೆ ಎತ್ತಿಟ್ಟೆ. ಸುಬ್ಬಕ್ಕನ ಹತ್ತಿರ ಬೆಳಿಗ್ಗೆಯೇ ಹೇಳಬೇಕಿತ್ತು, ನಾ ಒಪ್ಪಲಿಲ್ಲ ಮಾರಾಯ್ತಿ, ಕೈ ತಪ್ಪಿ ಹೋಯಿತು ಅಂತ, ಒಂದು ಮಾತು, ನಾಲ್ಕು ಹೆಜ್ಜೆ, ಆದರೆ ಅವಳು ಮುಖ ಎತ್ತಲಿಲ್ಲ, ನನಗೆ ಸಿಟ್ಟು ಬಂತು, ಹದಿನೇಳು ವರ್ಷ ಪಕ್ಕದಲ್ಲಿ ಕೂತವಳು, ಕೇಳಬಾರದೇ, ಹೌದನೆ ಹುಡುಗಿ, ಎಂತ ಕತೆ ಅಂತ ಕೇಳಲಿಕ್ಕೆ ಅವಳ ಬಾಯಿಗೆ ಏನಾಗಿತ್ತು. ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಇಲ್ಲ, ಹೋಗಲಿ. ಬಿಳೆಗೋಟು, ಚಾಲಿ, ಚಾಲಿ. ಒಂದೂ ಮೂವತ್ತೈದು, ಅಂದರೆ ಮುಕ್ಕಾಲು.

ಇದನ್ನೆಲ್ಲ ಕಲಿಸಿದ್ದು ಮಾಸ್ತರರೇ, ಅದೇ ಸಂಕಟ, ಬೇರೆ ಯಾರಾದರೂ ವಾಪಸ್ ತೆಗೆ ಅಂದಿದ್ದರೆ ತಬಕು ಎತ್ತಿ ಒಳಗೆ ಹೋಗುತ್ತಿದ್ದೆ. ಆದಿತ್ಯವಾರ ಶಾಲೆಯ ಜಗಲಿಯಲ್ಲಿ ನಮ್ಮನ್ನು ಕೂರಿಸಿ ಒಂದು ಮುಷ್ಟಿ ಅಡಿಕೆ ನೆಲಕ್ಕೆ ಸುರಿದು ಕೇಳುತ್ತಿದ್ದರು, ಇದನ್ನು ಕೊಯ್ದವರು ಯಾರು, ಸುಲಿದವರು ಯಾರು, ಒಣಗಿಸಿದವರು ಯಾರು, ಆರಿಸಿದವರು ಯಾರು, ಚೀಲ ಹೊತ್ತವರು ಯಾರು, ನಾವು ಒಂದೊಂದಕ್ಕೂ ಕೈ ಎತ್ತುತ್ತಿದ್ದೆವು, ಕಡೆಗೆ, ದರ ಹೇಳಿದವರು ಯಾರು, ಆಗ ಯಾರ ಕೈಯೂ ಏಳುತ್ತಿರಲಿಲ್ಲ, ಅವರು ನಗುತ್ತಿದ್ದರು, ಅಲ್ಲಿದೆ ನೋಡಿ ಗಂಟು. ಕೆಲಸಗಾರರು ಮಾಲೀಕನ ಪಕ್ಷಕ್ಕೆ ಓಟು ಹಾಕಿ ನ್ಯಾಯ ಕೇಳೋದು ಅಂದ್ರೆ ಬೆಕ್ಕಿನ ಹತ್ರ ಹಾಲು ಕಾಯ್ಲಿಕ್ಕೆ ಹೇಳಿದ ಹಾಗೆ, ಚಿಕ್ಕದಾಗ್ಲಿ, ಹರಕಲಾಗ್ಲಿ, ನಿಮ್ಮದೇ ಒಂದು ಪಕ್ಷ ಬೇಕು — ಈ ಮಾತು ಹೇಳಿದ ಬಾಯಿಯೇ ನಿನ್ನೆ ನನ್ನ ಚಾಪೆಯ ಮೇಲೆ ಕೂತು ಇನ್ನೊಂದು ಹೇಳಿತು, ಹೇಳುವಾಗ ನನ್ನ ಮುಖ ನೋಡಲಿಲ್ಲ, ಎಲೆಯ ತೊಟ್ಟು ಮುರಿಯುತ್ತಾ ಇದ್ದರು, ಮುರಿದದ್ದನ್ನೇ ಮುರಿದರು. ಮೂವತ್ತು ವರ್ಷ ನಿಂತದ್ದಕ್ಕೆಲ್ಲ ಸೋತವರು, ಅವರದೇ ಜಾತಿಯವರು ಮದುವೆಯ ಊಟಕ್ಕೆ ಕರೆದು ಪಕ್ಕದಲ್ಲಿ ಕೂರುತ್ತಿರಲಿಲ್ಲ, ನಮ್ಮ ಸಂಘಕ್ಕಾಗಿ ತಮ್ಮ ತಮ್ಮನ ಹತ್ತಿರ ಮಾತು ಬಿಟ್ಟವರು, ಒಮ್ಮೆ ಸೋಲದೆ ಸಾಯಬೇಕು ಅನ್ನಿಸಿದರೆ ತಪ್ಪೇ. ತಪ್ಪೇ. ತಪ್ಪಲ್ಲ ಅನ್ನಲಿಕ್ಕೂ ಬಾಯಿ ಬರುವುದಿಲ್ಲ. ಕಾರಿಗೆ ಹತ್ತುವಾಗ ಫೋನಿನಲ್ಲಿ ಯಾರಿಗೋ ತಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದರು, ಅಡ್ಡಿಲ್ಲೆ, ಆನು ಹೇಳಿದ್ದಿ, ಕಾಗದ ಎನ್ನ ಹತ್ರವೇ ಇದ್ದು. ಕಾಗದ.

ಆ ಮೂರನೇ ಕಾಗದ. ನಾಮಪತ್ರ ಕೊಡುವ ದಿನ ಎಷ್ಟು ಗಡಿಬಿಡಿ, ನಾನು, ಸುಬ್ಬಕ್ಕ, ಹಮಾಲರ ಮಡಿವಾಳಪ್ಪ, ಮಾಸ್ತರರು, ಕಚೇರಿಯ ಹೊರಗೆ ಕಟ್ಟೆಯ ಮೇಲೆ ಚೀಲ ಇಟ್ಟು ಒಂದೊಂದೇ ಕಾಗದ ತೆಗೆದು ಇಲ್ಲಿ ಸಹಿ, ಇಲ್ಲಿ ಸಹಿ, ಮೂರನೆಯದರಲ್ಲಿ ಮೇಲಿನ ಸಾಲು ಓದಿದೆ, ಉಮೇದುವಾರಿಕೆ ಹಿಂತೆಗೆದುಕೊಳ್ಳುವ ಸೂಚನೆ ಅಂತ ಇತ್ತು, ಕೆಳಗೆ ಇನ್ನೂ ಎರಡು ಮೂರು ಸಾಲು, ನಾನು ತಲೆ ಎತ್ತಿದೆ, ಅವರು ಇದೊಂದು ಇರ್ಲಿ ಪ್ರತಿಭಾ, ರೂಢಿ, ಬೇಕಾದ್ರೆ ಆಯ್ತು ಅಂದರು, ನನಗೆ ಅಕ್ಷರ ತಿದ್ದಿಸಿದ ಕೈ ಪೆನ್ನು ಹಿಡಿದು ಚಾಚಿತ್ತು, ಎಂತಕ್ಕೆ ಅಂತ ಕೇಳುವುದು ಹೇಗೆ, ಎಸೆಸೆಲ್ಸಿ ಫೇಲಾದವಳು ಮಾಸ್ತರರಿಗೆ ಎಂತಕ್ಕೆ ಅನ್ನುವುದೇ, ಹಾಕಿದೆ. ಹೀಗೆ ಚಾಚಿದ್ದಕ್ಕೆಲ್ಲ ಕೈ ಕೊಟ್ಟದ್ದೇ ನನ್ನ ರಾಜಕೀಯ. ಆದರೆ ಕಾಗದಕ್ಕೆ ಕಾಲಿಲ್ಲ, ಅದೊಂದು ಧೈರ್ಯ, ಮಡಿವಾಳಪ್ಪ ಬೆಳಿಗ್ಗೆಯೇ ಕಚೇರಿಗೆ ಹೋಗಿ ವಿಚಾರಿಸಿ ಬಂದು ಹೇಳಿದ್ದಾನೆ, ಅಕ್ಕಾರ, ಮಾಸ್ತರ ಒಬ್ರ ಒಯ್ದ ಕೊಟ್ರ ತಗೊಳಂಗಿಲ್ಲಂತ್ರಿ, ನೀವ ಖುದ್ದ ಹೋಗಬೇಕು, ಇಲ್ಲಾ ನೀವು ಅಧಿಕಾರ ಬರದ ಕೊಟ್ರ ನಿಮ್ಮ ಸೂಚಕರು ಒಯ್ಯಬೇಕು. ನಾನು ಹೋಗುವುದಿಲ್ಲ. ಸೂಚಕರು ಅಂದರೆ ಸುಬ್ಬಕ್ಕ, ಅವಳು ಹೋಗುವವಳಲ್ಲ, ನನಗಿಂತ ಗಟ್ಟಿ ಅವಳು, ಹೆಸರು ಸೂಚಿಸಲಿಕ್ಕೆ ಯಾರು ಬರ್ತೀರಿ ಅಂದಾಗ ಅರವತ್ತು ಹೆಂಗಸರಲ್ಲಿ ಮೊದಲು ಎದ್ದವಳು. ಅಧಿಕಾರಿ ಅವಳ ಹೆಬ್ಬೆಟ್ಟನ್ನು ಹಿಡಿದು ಶಾಯಿಯಲ್ಲಿ ಒತ್ತಿ ಕಾಗದಕ್ಕೊತ್ತಿದ, ಎತ್ತಿ ನೋಡಿದರೆ ಬರೀ ಕಪ್ಪು, ದುಂಡಗೆ, ಒಂದು ಗೆರೆ ಇಲ್ಲ, ಮತ್ತೆ ಒತ್ತಿದ, ಮತ್ತೆ ಹಾಗೇ, ಇದೆಂತ ಅಜ್ಜಿ, ಗೆರೆಯೇ ಇಲ್ಲವಲ್ಲ. ಸುಬ್ಬಕ್ಕ ನಕ್ಕಳು, ಗೆರೆ ಎಲ್ಲ ಅಡಿಕೆ ತಿಂದ್ಕಂಡು ಹೋತು ಸ್ವಾಮಿ, ಜನ ಅಡಿಕೆ ತಿಂತಾರೆ, ನನ್ನ ಮಾತ್ರ ಅಡಿಕೆ ತಿಂತು. ನಲವತ್ತು ವರ್ಷ ಹಸಿ ಅಡಿಕೆ ಸುಲಿದ ಕೈ, ಚೊಗರು ಹತ್ತಿ ಹತ್ತಿ ಕಪ್ಪಾಗಿ, ಕತ್ತಿಯ ಬಾಯಿಗೆ ಉಜ್ಜಿ ಉಜ್ಜಿ ನುಣ್ಣಗಾಗಿ, ರೇಷನ್ ಅಂಗಡಿಯ ಯಂತ್ರಕ್ಕೂ ಅವಳು ಮನುಷ್ಯಳಲ್ಲ, ಪ್ರತಿ ತಿಂಗಳೂ ಅದು ಕೀಂ ಅನ್ನುತ್ತದೆ. ಅಧಿಕಾರಿ ಪಕ್ಕದಲ್ಲಿ ಏನೋ ಬರೆದು ಸಹಿ ಮಾಡಿಕೊಂಡ. ಹೊರಗೆ ಬಂದ ಮೇಲೆ ಅವಳು ಆ ಬೆರಳನ್ನು ನನ್ನ ಮುಖಕ್ಕೆ ಹಿಡಿದು, ಇದನ್ನ ಒತ್ತಿದ್ದೆ ಕಾಣು, ಇನ್ನು ನೀ ಹಿಂದೆ ಸರದ್ರೆ ಇದು ಹೋತದೆ ಅಂದಳು, ನಾವಿಬ್ಬರೂ ಕಬ್ಬಿನ ಹಾಲು ಕುಡಿದೆವು.

ಹಿಂದೆ ಸರಿದರೆ. ಸರಿದರೇನು, ಒಂದು ಸಲ ಸಿಟ್ಟು ಬಿಟ್ಟು ಯೋಚಿಸಿದರೆ ಮಾಸ್ತರರ ಮಾತಿನಲ್ಲೂ ಹುರುಳಿದೆ, ನಾನು ನಿಂತು ಸೋಲುವುದು ಖಂಡಿತ, ಸೋತರೆ ಶೌಚಾಲಯವೂ ಇಲ್ಲ ಶೆಡ್ಡೂ ಇಲ್ಲ, ಆರು ವಖಾರಿಯ ಅರವತ್ತು ಹೆಂಗಸರು ಲಾರಿ ನಿಲ್ಲಿಸುವ ಜಾಗದ ಹಿಂದೆ ಗಿಡ ಹುಡುಕುವುದು ತಪ್ಪುವುದಿಲ್ಲ, ಒಬ್ಬಳು ಹೋದರೆ ಇನ್ನೊಬ್ಬಳು ಕಾವಲು. ಅದಕ್ಕಾಗಿಯೇ ಹೋದ ವರ್ಷ ಮೂರು ದಿನ ಕೈ ಮಡಚಿ ಕೂತದ್ದು, ಘೋಷಣೆ ಇಲ್ಲ, ಬಾವುಟ ಇಲ್ಲ, ದಿನಾ ಬಂದ ಹಾಗೆ ಬಂದು ಅವರವರ ಗುಡ್ಡೆಯ ಮುಂದೆ ಕೂತು ಎರಡೂ ಕೈ ಮಡಿಲಲ್ಲಿಟ್ಟುಕೊಂಡೆವು, ಹಮಾಲರು ಹೊರಗೆ ಗಾಡಿಗೆ ಒರಗಿ ನಿಂತರು, ಮೂರನೇ ದಿನ ಸಾವ್ಕಾರರು ಒಂದು ಶೌಚಾಲಯ ಕಟ್ಟಿಸಲಿಕ್ಕೆ ಒಪ್ಪಿದರು, ಕಟ್ಟಿಸಿದರು, ಬೀಗ ಹಾಕಿದರು, ಕೀಲಿ ಸುಭಾಷನ ವಖಾರಿಯ ಲೆಕ್ಕ ಬರೆಯುವ ರೈಟರನ ಕಿಸೆಯಲ್ಲಿ, ಹೋಗಬೇಕಾದರೆ ಅವನ ಮುಂದೆ ನಿಂತು ಕೇಳಬೇಕು, ಅವನು ಎಲ್ಲರೆದುರು ಎಷ್ಟು ಸಲ ಅಂತ ನಗುತ್ತಾನೆ. ಆ ಸುಭಾಷನೇ ಈಗ ಇನ್ನೆರಡು ಕಟ್ಟಿಸುತ್ತಾನಂತೆ, ಇನ್ನೆರಡು ಬೀಗ. ಆಮೇಲಿನ ಸಂಘದ ಮೀಟಿಂಗಿನಲ್ಲಿ ಮಡಿವಾಳಪ್ಪ ಎದ್ದು ಹೇಳಿದ್ದ, ಕೀಲಿ ಕೇಳೂದು ಸಾಕ್ರಿ, ಬೀಗ ಹಾಕೂ ಜಾಗದಾಗ ನಾವ ಹೋಗಿ ಕುಂದ್ರೂಣು, ಆಗಲೇ ನನ್ನ ಹೆಸರು ಬಂದದ್ದು, ಕೈ ಎತ್ತಿದ್ದು ಎಲ್ಲರೂ. ಹಾಗಾದರೆ ಇದು ನನ್ನದೇನು, ನನ್ನ ನಾಮಪತ್ರವೇನು, ಅರವತ್ತು ಹೆಂಗಸರು ಮೂವತ್ತು ಹಮಾಲರು ಎತ್ತಿದ ಕೈಯನ್ನು ನಾನೊಬ್ಬಳು ಜಗಲಿಯಲ್ಲಿ ನಿಂತು ಒಂದು ಹಳೇ ಚಾಲಿಗೆ ಕೊಡಲಿಕ್ಕಾಗುತ್ತದೆಯೇ. ಮಾಸ್ತರರು ಹೇಳುತ್ತಾರೆ ಕೆಟ್ಟದ್ದರಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸು ಅಂತ, ಆರಿಸುವ ವಿಷಯ ನನಗೆ ಹೇಳಬೇಡಿ ಮಾಸ್ತರೇ, ಅದು ನನ್ನ ಕಸುಬು, ಕೋಕಾದಲ್ಲಿ ಒಳ್ಳೇ ಕೋಕಾ ಹುಡುಕಿ ಚಾಲಿಯ ಚೀಲಕ್ಕೆ ಹಾಕಿದರೆ ಇಡೀ ಚೀಲ ಕೋಕಾದ ದರಕ್ಕೆ ಹೋಗುತ್ತದೆ. ಸೋತರೆ ಸೋಲುತ್ತೇವೆ, ನೂರು ಓಟು ಬಂದರೂ ಅದು ನಮ್ಮ ನೂರು, ಎಣಿಸಿದರೆ ನಾವು ಎಷ್ಟು ಜನ ಅಂತ ನಮಗೇ ಗೊತ್ತಾಗುತ್ತದೆ, ಇಷ್ಟು ವರ್ಷ ಅದೊಂದೇ ಯಾರೂ ಎಣಿಸಲಿಲ್ಲ. ಆಯಿತು. ನಿಲ್ಲುತ್ತೇನೆ. ಎದೆ ಹಗುರಾಯಿತು, ಆಶ್ಚರ್ಯ, ಎಷ್ಟು ಸುಲಭ, ಸಂಜೆ ಆ ಅಡಿಕೆಯನ್ನು ಸುಭಾಷನ ಮನೆಯ ಮೆಟ್ಟಿಲ ಮೇಲೆ ಇಟ್ಟು ಬಂದರಾಯಿತು, ವಾಪಸ್ ಕೊಟ್ಟ ವೀಳ್ಯ ವೀಳ್ಯವಲ್ಲ. ಸುಬ್ಬಕ್ಕನಿಗೆ ಈಗಲೇ ಹೇಳಬೇಕು, ಹಟ ಸಾಕು, ದೊಡ್ಡವಳು ಅವಳು, ನಾನೇ ಮೊದಲು ಮಾತಾಡಿದರೆ ನನ್ನ ಕಿರೀಟ ಬೀಳುವುದಿಲ್ಲ, ಸುಬ್ಬಕ್ಕ, ಕೇಳು ಇಲ್ಲಿ — ಅಂತ ತಿರುಗಿದರೆ ಅವಳ ಗುಡ್ಡೆ ಇದೆ, ಬುಟ್ಟಿ ಇದೆ, ಮಣೆ ಇದೆ, ಅವಳಿಲ್ಲ.

ಹೊರಗೆ ಹೋಗಿರಬೇಕು, ಗಿಡದ ಹಿಂದೆ, ಅಥವಾ ಊಟದ ಡಬ್ಬಿ ತೊಳೆಯಲಿಕ್ಕೆ, ಡಬ್ಬಿ ಇಲ್ಲೇ ಇದೆ, ತೊಳೆದಿಲ್ಲ, ಮುಚ್ಚಳ ತೆಗೆದಿಲ್ಲ, ಅವಳು ಉಣ್ಣಲೇ ಇಲ್ಲ. ಬಾಗಿಲಲ್ಲಿ ಮಡಿವಾಳಪ್ಪ ಬೆನ್ನ ಮೇಲೆ ಚೀಲ ಹೊತ್ತು ಬರುತ್ತಿದ್ದಾನೆ, ಸುಬ್ಬಕ್ಕನ ಕಂಡ್ಯಾ ಅಂದೆ, ಅವನು ಚೀಲ ಇಳಿಸಿ ಬೆವರು ಒರೆಸಿಕೊಂಡು, ಆಗಳೇ ಮಾಸ್ತರ ರಿಕ್ಷಾ ತಂದಿದ್ರಲ್ರಿ, ಅದರಾಗ ಕುಂತು ಹೋದ್ಲು, ನೀವ ಕಳಿಸಿರಬೇಕು ಅಂದ್ಕೊಂಡೆ — ನನ್ನ ಮುಖ ನೋಡಿ ಅವನ ಮುಖವೂ ಕಳೆಗುಂದಿತು. ಆ ಎರಡು ಮೂರು ಸಾಲು. ನಾನು ಓದದೆ ಬಿಟ್ಟ ಸಾಲು. ಇದನ್ನು ತಲುಪಿಸಲು ನನ್ನ ಸೂಚಕರಿಗೆ ಅಧಿಕಾರ ಕೊಟ್ಟಿದ್ದೇನೆ, ಹಾಗೇ ಏನೋ ಇರಬೇಕು, ಇಲ್ಲದಿದ್ದರೆ ಅವಳನ್ನು ಯಾಕೆ ಕರೆದುಕೊಂಡು ಹೋಗುತ್ತಾರೆ, ಕಾಗದಕ್ಕೆ ಕಾಲು ಹುಡುಕಿದ್ದಾರೆ, ಎದ್ದೆ, ಮಡಿಲಲ್ಲಿದ್ದ ಅಡಿಕೆ ಚೆಲ್ಲಿತು, ರೈಟರು ಹೋ ಎಲ್ಲಿಗೆ ಅಂದ, ಗಡಿಯಾರ ಎರಡೂ ಇಪ್ಪತ್ತು, ಎರಡೂವರೆ, ಯಾರ್ಡಿನ ಗೇಟು, ಡಾಂಬರು ಕಾಲಿಗೆ ಅಂಟುತ್ತದೆ, ಒಂದು ಚಪ್ಪಲಿಯ ಉಂಗುಷ್ಟ ಕಿತ್ತಿತು, ಇರಲಿ, ಎರಡನ್ನೂ ಬಿಟ್ಟೆ, ರಿಕ್ಷಾ ಒಂದೂ ಇಲ್ಲ, ಬೇಕಾದಾಗ ಯಾವುದೂ ಇರುವುದಿಲ್ಲ, ಓಡು. ಐದು ರಸ್ತೆ ಸರ್ಕಲ್ಲಿನಲ್ಲಿ ಬನವಾಸಿ ಬಸ್ಸು ಅಡ್ಡ ನಿಂತಿದೆ, ಅನಾನಸು ತುಂಬಿದ ಗಾಡಿ, ದಾರಿ ಬಿಡಿ, ಓಟಿಗೆ ನಿಂತ ಹೆಂಗಸು ಬರಿಗಾಲಿನಲ್ಲಿ ಓಡುತ್ತಿದ್ದಾಳೆ ಅಂತ ಯಾರೋ ನಗುತ್ತಾರೆ, ನಗಿ. ಸುಬ್ಬಕ್ಕ, ನೀನು ಯಾಕೆ ಹತ್ತಿದೆ, ನನ್ನ ಮೇಲಿನ ಸಿಟ್ಟಿಗೋ, ಸಿಟ್ಟಿಗೆ ಹೀಗೆ ಮಾಡುವವಳಲ್ಲ ನೀನು, ಮಾಸ್ತರರು ಏನು ಹೇಳಿದರು ನಿನಗೆ, ನಾನೇ ಕಳಿಸಿದೆ ಅಂದರೇ, ಪ್ರತಿಭಾ ಒಪ್ಪಿದಾಳೆ, ಹೇಳಲಿಕ್ಕೆ ನಾಚಿಕೆ ಪಟ್ಟುಕೊಂಡಿದಾಳೆ ಅಂದರೇ, ನೀನು ನಂಬಿದೆ, ಯಾಕೆ ನಂಬಬಾರದು, ಕಣ್ಣಾರೆ ಕಂಡಿದ್ದೀಯಲ್ಲ. ಒಂದು ಮಾತು, ನಾಲ್ಕು ಹೆಜ್ಜೆ, ಬೆಳಿಗ್ಗೆ ಎಂಟರಿಂದ ಹೊತ್ತಿತ್ತು ನನಗೆ, ನಾಲ್ಕು ಹೆಜ್ಜೆ ಇಡದವಳು ಈಗ ಊರೆಲ್ಲ ಓಡುತ್ತಿದ್ದೇನೆ. ದಮ್ಮು ಕಟ್ಟುತ್ತದೆ. ಕಚೇರಿಯ ಕಾಂಪೌಂಡು ಕಂಡಿತು, ಬಾಗಿಲ ಮೇಲಿನ ಗಡಿಯಾರ ಎರಡೂ ಐವತ್ತು, ಇದು ಸರ್ಕಾರದ್ದು, ಸರಿ ಇರಬೇಕು, ಇನ್ನೂ ಹತ್ತು ನಿಮಿಷ, ದೇವರೇ, ಇನ್ನೂ ಹತ್ತು ನಿಮಿಷ ಇದೆ.

ಮೆಟ್ಟಿಲ ಕೆಳಗೆ ಸುಬ್ಬಕ್ಕ ಕೂತಿದ್ದಾಳೆ, ಸೆರಗಿನ ತುದಿಗೆ ಹೆಬ್ಬೆಟ್ಟು ಒರೆಸುತ್ತಾ, ಒರೆಸಿದಷ್ಟೂ ಹೋಗುತ್ತಿಲ್ಲ. ಆಚೆ ರಿಕ್ಷಾದ ಹತ್ತಿರ ಮಾಸ್ತರರು, ಚೀಲ ಎದೆಗೆ ಒತ್ತಿಕೊಂಡು, ನನ್ನನ್ನು ಕಂಡು ಬೇಲಿಯ ಕಡೆ ತಿರುಗಿದರು. ಸುಬ್ಬಕ್ಕ, ಎಂತ ಮಾಡಿದೆ, ಅಂದೆ, ಅವಳು ತಲೆ ಎತ್ತಿ ನನ್ನ ಕಾಲು ನೋಡಿದಳು, ಚಪ್ಪಲಿ ಎಲ್ಲಿ ಹೆಣೇ, ಈ ಬಿಸಿಲಲ್ಲಿ, ಅಂದಳು, ಸಿಟ್ಟಿಲ್ಲ, ಒಂದು ಚೂರೂ ಸಿಟ್ಟಿಲ್ಲ ಅವಳ ದನಿಯಲ್ಲಿ, ಬೆಳಿಗ್ಗೆಯಿಂದಲೂ ಇರಲಿಲ್ಲವೇನೋ. ಕೊಟ್ಟು ಬಂದೆ, ನೀ ಈಳ್ಯ ಹಿಡಿದಿದ್ದಿ, ನಾ ಕಂಡೆ, ಹಿಡಿದ ಮೇಲೆ ಮಾತು ಮಾತೇ, ನಿಂಗೆ ಹೇಳಲಿಕ್ಕೆ ಬಾಯಿ ಬತ್ತಿಲ್ಲ ಅಂತ ಗೊತ್ತಾತು, ಬೆಳಗಿಂದ ಒದ್ದಾಡ್ತಾ ಇದ್ದಿ, ನಿನ್ನ ಮುಖ ಕಾಣಲಿಕ್ಕೆ ಆಗ್ದೆ ನಾ ಆ ಕಡೆ ಕೂತೆ, ಮಾಸ್ತರು ಬಂದು ಕರದ್ರು, ನಾಳೆ ನಿನ್ನ ಯಾರೂ ಮಾತು ತಪ್ಪಿದೋಳು ಅನ್ನಬಾರದು, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬತ್ತಿಲ್ಲ, ಅದಕ್ಕೆ ನಾನೇ ಬಂದೆ, ಹೋದರೆ ನನ್ನ ಬೆರಳು ಹೋಗಲಿ. ನಾ ಒಪ್ಪಲಿಲ್ಲ ಸುಬ್ಬಕ್ಕ, ನಾ ಒಪ್ಪಲೇ ಇಲ್ಲ, ಅಡಿಕೆ ಅಂತ ನೋಡಲಿಕ್ಕೆ ಹಿಡಿದದ್ದು, ಒಡಕಿದೆಯಾ ಅಂತ — ಅವ್ವಾ, ಅಂದಳು ಅವಳು. ಮೆಟ್ಟಿಲು ಹತ್ತಿದೆ, ಒಳಗೆ ಅದೇ ಅಧಿಕಾರಿ, ಅದೇ ಮೇಜು, ಸ್ವಾಮಿ, ಇನ್ನೂ ಮೂರಾಗಲಿಲ್ಲ, ಅದನ್ನು ಹರಿದು ಹಾಕಿ, ನಾನು ನಿಲ್ಲುತ್ತೇನೆ, ನಾನೇ ಪ್ರತಿಭಾ, ನಾನೇ ಬಂದಿದ್ದೇನೆ. ಅವನು ಕೆಟ್ಟವನಲ್ಲ, ಕೂತ್ಕೊಳ್ಳಿ ಅಂದ, ನೀರು ಕೊಡಿಸಿದ, ವಾಪಸ್ ತೆಗೆದದ್ದನ್ನು ಮತ್ತೆ ವಾಪಸ್ ತೆಗೆಯಲಿಕ್ಕೆ ಬರೋದಿಲ್ಲಮ್ಮ, ಒಮ್ಮೆ ಕೊಟ್ರೆ ಮುಗೀತು, ಕಾನೂನು ಹಾಗಿದೆ, ಸಹಿ ನಿಮ್ಮದೇ ಅಲ್ವಾ, ನೋಡಿ. ಕಾಗದ ನನ್ನ ಕಡೆ ತಿರುಗಿಸಿದ. ನನ್ನದೇ, ನೀಲಿ ಶಾಯಿ, ಮಾಸ್ತರರು ಕಲಿಸಿದ ಹಾಗೆ ಪ್ರ ಅಕ್ಷರದ ಕೊನೆಯಲ್ಲಿ ಒಂದು ಸುರುಳಿ. ಮೇಲೆ ಓದದ ಸಾಲುಗಳು, ಈಗ ಓದಿದೆ, ನಾನು ಅಂದುಕೊಂಡದ್ದೇ ಇತ್ತು. ಮತ್ತು ಕೆಳಗೆ, ತಲುಪಿಸಿದವರ ಗುರುತು ಅನ್ನುವಲ್ಲಿ, ಶಾಯಿ ಇನ್ನೂ ಹಸಿ, ದುಂಡಗೆ ಕಪ್ಪು, ಬೆರಳು ಮುಂದೆ ಹೋಯಿತು, ತಿರುಗಿಸಿ ನೋಡುವ ಹಾಗೆ, ತೂತಿಲ್ಲ ಒಡಕಿಲ್ಲ, ಮೇಡಂ ಮುಟ್ಟಬೇಡಿ ಅಂದ ಅವನು, ಹೊರಗೆ ಅವಳು ಇನ್ನೂ ಒರೆಸುತ್ತಿರಬೇಕು, ಗಡಿಯಾರ ಎಲ್ಲೋ ಹೊಡೆಯಿತು, ಒಂದು, ಎರಡು, ಮಡಿವಾಳಪ್ಪನಿಗೆ ಏನು ಹೇಳಲಿ, ಅರವತ್ತು ಹೆಂಗಸರಿಗೆ ಏನು, ಮೂರು — ಕಣ್ಣ ಮುಂದೆ ಅದೊಂದೇ, ದುಂಡಗೆ, ಕಪ್ಪು, ಸುಬ್ಬಕ್ಕನ ಹೆಬ್ಬೆಟ್ಟು, ನನ್ನ ಹೆಸರಿನ ಕೆಳಗೆ, ಒಂದು ಗೆರೆ ಇಲ್ಲ.